ಮತ್ತೆ ಶಟಲ್ ಆಡುವವರು ಬ್ಯಾಟು ಕೊಳ್ಳುವ ಮುನ್ನ

ಶಟಲ್ ಬ್ಯಾಟಿನ ಹಿಡಿ ಮುಗಿದು ತೆಳ್ಳನೆಯ ದಂಡ ಶುರುವಾಗುವ ಕಡೆ ಆಲಿಕೆಯಾಕಾರದ ಪುಟ್ಟ ಮುಚ್ಚಳವೊಂದು ಇರುತ್ತದೆ. ಅದರ ಮೇಲೆ ಬಹಳ ಸಣ್ಣ ಅಕ್ಷರಗಳಲ್ಲಿ ‘4ಯು, ಜಿ5, 20–28 ಪೌಂಡ್’ ಎಂಬಂಥ ಬರಹ ಕಾಣುತ್ತದೆ. ಬ್ಯಾಟಿನ ತೂಕ, ಹಿಡಿಯ ದಪ್ಪ, ಚೌಕಟ್ಟು ಅದರಲ್ಲಿ ಹೆಣೆದ ಗಟ್ಟಿಂಗಿನ ಎಷ್ಟು ಬಿಗಿಯನ್ನು ತಾಳುತ್ತದೆ ಎಂಬ ಮೂರೂ ಸಂಗತಿಗಳು ಅಲ್ಲಿವೆ. ಹೊಸ ಬ್ಯಾಟು ಕೊಳ್ಳುವವರು ಮೊದಲು ಓದಬೇಕಾದದ್ದು ಇದನ್ನೇ. ಬಣ್ಣ ಯಾವುದು, ಕಂಪನಿ ಯಾವುದು, ಯಾವ ಚಾಂಪಿಯನ್ ಅದನ್ನು ಹಿಡಿದು ಆಡುತ್ತಾನೆ ಎಂಬುದೆಲ್ಲ ಆಮೇಲಿನ ಮಾತು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಶಟಲ್‌ಗೆ ಹಿಂದಿನಿಂದಲೂ ಒಂದು ಕಾಲವಿದೆ. ಅಡಿಕೆ ಸುಗ್ಗಿ ಮುಗಿದು ಅಂಗಳ ಖಾಲಿಯಾದ ಮೇಲೆ, ಮಳೆಗಾಲ ಇನ್ನೂ ದೂರವಿರುವಾಗ, ಸಂಜೆ ದೀಪ ಹಾಕಿಕೊಂಡು ಆಡುವ ಆಟ ಅದು. ಊರ ಯುವಕ ಸಂಘಗಳು ಹೊನಲು ಬೆಳಕಿನ ಪಂದ್ಯಾವಳಿ ನಡೆಸುವುದೂ ಇದೇ ತಿಂಗಳುಗಳಲ್ಲಿ. ಕಾಲೇಜಿನ ದಿನಗಳಲ್ಲಿ ಹೀಗೆ ಆಡಿದವರಲ್ಲಿ ಹೆಚ್ಚಿನವರು ಕೆಲಸ, ತೋಟ, ಮನೆ, ಮಕ್ಕಳು ಎಂದು ಬ್ಯಾಟನ್ನು ಅಟ್ಟಕ್ಕೆ ಸೇರಿಸುತ್ತಾರೆ. ನಲವತ್ತು ದಾಟಿದ ಮೇಲೆ ವೈದ್ಯರು ಸಕ್ಕರೆ, ರಕ್ತದೊತ್ತಡ ಎಂದಾಗಲೋ, ಹತ್ತಿರದಲ್ಲೊಂದು ಒಳಾಂಗಣ ಕೋರ್ಟು ಆದಾಗಲೋ, ಮಗಳು ಶಾಲೆಯಿಂದ ಬಂದು ಶಟಲ್ ಕಲಿಯುತ್ತೇನೆ ಎಂದಾಗಲೋ ಆಟ ಮತ್ತೆ ನೆನಪಾಗುತ್ತದೆ. ಹಾಗೆ ಮರಳುವವರು ಸಾಮಾನ್ಯವಾಗಿ ತಮ್ಮ ಇಪ್ಪತ್ತೆರಡನೆಯ ವಯಸ್ಸಿನ ಆಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬ್ಯಾಟು ಆರಿಸುತ್ತಾರೆ. ಆದರೆ ಆಡಬೇಕಾಗಿರುವುದು ಈಗಿನ ತೋಳು, ಈಗಿನ ಮಂಡಿ. ಬ್ಯಾಟು ಅವಕ್ಕೆ ಹೊಂದಬೇಕು.

ಈ ನಡುವಿನ ವರ್ಷಗಳಲ್ಲಿ ಬ್ಯಾಟೇ ಬದಲಾಗಿದೆ. ಈಗ ಅರವತ್ತರ ಆಸುಪಾಸಿನಲ್ಲಿರುವವರು ಮರದ ಬ್ಯಾಟನ್ನು ಕಂಡಿದ್ದಾರೆ. ಅದರ ತೂಕ 100 ಗ್ರಾಂ ಮೀರುತ್ತಿತ್ತು. ಮಳೆಗಾಲದ ತೇವಕ್ಕೆ ಚೌಕಟ್ಟು ಸೊಟ್ಟಗಾಗದಿರಲೆಂದು ನಾಲ್ಕು ಮೂಲೆಗೂ ತಿರುಪು ಇರುವ ಮರದ ಪ್ರೆಸ್ಸಿನಲ್ಲಿ ಬಿಗಿದು ಇಡಬೇಕಿತ್ತು. ಆಮೇಲೆ ಉಕ್ಕಿನ ದಂಡಕ್ಕೆ ಅಲ್ಯೂಮಿನಿಯಂ ತಲೆ ಕೂಡಿಸಿದ ಬ್ಯಾಟು ಬಂತು. ದಂಡವೂ ತಲೆಯೂ ಸೇರುವ ಕಡೆ ಟಿ ಆಕಾರದ ಬೆಸುಗೆ. ಕೆಲವು ಕಾಲ ಆಡಿದ ಮೇಲೆ ಅಲ್ಲಿ ಸಡಿಲವಾಗಿ ಲಟಲಟ ಸದ್ದು. ಈಗ ಚೌಕಟ್ಟೂ ದಂಡವೂ ಕಾರ್ಬನ್ ಫೈಬರಿನ ಒಂದೇ ಮೈ. ತೂಕ ಸಾಮಾನ್ಯವಾಗಿ 80ರಿಂದ 90 ಗ್ರಾಂ ಒಳಗೆ. ತಲೆಯ ಆಕಾರವೂ ಮೊಟ್ಟೆಯಂತೆ ಇಲ್ಲ, ಮೇಲ್ಭಾಗ ಚೌಕಕ್ಕೆ ಹತ್ತಿರವಾಗಿದೆ. 1992ರಲ್ಲಿ ಯೋನೆಕ್ಸ್ ಕಂಪನಿ ಐಸೊಮೆಟ್ರಿಕ್ ಎಂಬ ಹೆಸರಿನಲ್ಲಿ ತಂದ ಈ ಆಕಾರ ಈಗ ಎಲ್ಲ ಕಂಪನಿಗಳಲ್ಲೂ ಇದೆ. ಇದರಿಂದ ಗಟ್ಟಿಂಗಿನ ಮಧ್ಯಭಾಗದಿಂದ ಸ್ವಲ್ಪ ಆಚೀಚೆ ಕಾಕ್ ತಾಗಿದರೂ ಹೊಡೆತ ಪೂರ್ತಿ ಹಾಳಾಗುವುದಿಲ್ಲ. ಕಣ್ಣು ಮತ್ತು ಕೈಯ ಹೊಂದಾಣಿಕೆ ಮೊದಲ ಕೆಲವು ವಾರ ಹಿಂದೆಬೀಳುವ, ಮರಳಿ ಬಂದ ಆಟಗಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕಾರ್ಬನ್ ಫೈಬರ್ ಎಂದರೇನು ಎಂದು ಮಲೆನಾಡಿನ ಬೆಳೆಗಾರರಿಗೆ ಈಗ ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವ, ಬೋರ್ಡೋ ದ್ರಾವಣ ಹೊಡೆಯುವ ಹೊಸ ದೋಟಿ ಆಗಿರುವುದು ಅದರಿಂದಲೇ. ದೋಟಿಯ ಗುಣವೇ ಬ್ಯಾಟಿನದ್ದೂ: ಉದ್ದಕ್ಕೆ ಎಷ್ಟು ಬಾಗಿದರೂ ತಾಳುತ್ತದೆ, ಅಡ್ಡಕ್ಕೆ ಒಂದು ಬಲವಾದ ಪೆಟ್ಟು ಬಿದ್ದರೆ ಸೀಳುತ್ತದೆ. ಕಾಕನ್ನು ಎಷ್ಟು ಜೋರಾಗಿ ಹೊಡೆದರೂ ಬ್ಯಾಟು ಮುರಿಯುವುದು ಅಪರೂಪ. ಡಬಲ್ಸ್‌ನಲ್ಲಿ ಇಬ್ಬರೂ ಒಂದೇ ಕಾಕಿಗೆ ಬೀಸಿ ಬ್ಯಾಟಿಗೆ ಬ್ಯಾಟು ತಾಗಿದಾಗ, ಇಲ್ಲವೇ ತಗ್ಗಿನ ಕಾಕನ್ನು ಎತ್ತಲು ಹೋಗಿ ಸಿಮೆಂಟು ನೆಲಕ್ಕೆ ಬಡಿದಾಗ ಚೌಕಟ್ಟು ಸೀಳುತ್ತದೆ. ವಾರಂಟಿಯಲ್ಲಿ ಇಂಥ ಪೆಟ್ಟು ಬರುವುದಿಲ್ಲ. ಮರಳಿ ಬಂದವರ ಮೊದಲ ತಿಂಗಳುಗಳಲ್ಲಿ ಎರಡೂ ಆಗುವ ಸಂಭವ ಹೆಚ್ಚಿರುವುದರಿಂದ ಮೊದಲ ಬ್ಯಾಟಿಗೆ ಹತ್ತು ಸಾವಿರ ಸುರಿಯುವುದು ಸಲ್ಲದು.

ಆಟದ ನಿಯಮಗಳಲ್ಲೂ ಬದಲಾವಣೆ ಆಗಿದೆ, ಮತ್ತು ಅದಕ್ಕೂ ಬ್ಯಾಟಿನ ಆಯ್ಕೆಗೂ ಸಂಬಂಧವಿದೆ. ಹಿಂದೆ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು. ಆಟ 15ಕ್ಕೆ ಮುಗಿಯುತ್ತಿತ್ತು, ಮಹಿಳೆಯರ ಸಿಂಗಲ್ಸ್ 11ಕ್ಕೆ. ಡಬಲ್ಸ್‌ನಲ್ಲಿ ಒಬ್ಬರ ಸರ್ವ್ ಹೋದರೆ ಜೊತೆಗಾರನ ಸರ್ವ್ ಬಾಕಿ ಇರುತ್ತಿತ್ತು. 2006ರಿಂದ 21 ಪಾಯಿಂಟಿನ ಆಟ. ಸರ್ವ್ ಯಾರದ್ದೇ ಇರಲಿ, ಪ್ರತಿ ರ‍್ಯಾಲಿಗೂ ಪಾಯಿಂಟು. ಡಬಲ್ಸ್‌ನಲ್ಲೂ ಒಂದೇ ಸರ್ವ್. ತಪ್ಪಿಗೆ ತಕ್ಷಣ ಬೆಲೆ ತೆರಬೇಕಾಗಿರುವುದರಿಂದ ಆಟ ಚುರುಕಾಗಿದೆ. ಕಾಕನ್ನು ಎತ್ತರಕ್ಕೆ ಎತ್ತಿ ಕಾಯುವ ಬದಲು ನೆಟ್ಟಿನ ಮಟ್ಟದಲ್ಲೇ ನೇರವಾಗಿ ತಳ್ಳುವ ಆಟ ಹೆಚ್ಚಾಗಿದೆ. ಊರ ಕೋರ್ಟುಗಳಲ್ಲಿ ನಡೆಯುವುದು ಬಹುಪಾಲು ಡಬಲ್ಸ್. ಅಲ್ಲಿ ಬೇಕಾದದ್ದು ಭಾರದ ಸ್ಮ್ಯಾಶಿಗಿಂತ ಬೇಗ ಎದೆಮಟ್ಟಕ್ಕೆ ಬರುವ ಬ್ಯಾಟು. ದೊಡ್ಡ ಪಂದ್ಯಗಳಲ್ಲಿ ಸರ್ವ್ ಮಾಡುವಾಗ ಕಾಕ್ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕೆಂಬ ನಿಯಮ 2018ರಲ್ಲಿ ಬಂತು. ಊರಾಟದಲ್ಲಿ ಸೊಂಟದ ಕೆಳಗೆ ಎಂಬ ಹಳೆಯ ಲೆಕ್ಕವೇ ಸಾಕಾಗುತ್ತದೆ.

ಹೊಸದು ಕೊಳ್ಳುವ ಮೊದಲು ಅಟ್ಟದ ಮೇಲಿನ ಹಳೆಯದನ್ನು ಇಳಿಸಿ ನೋಡುವುದು ಒಳ್ಳೆಯದು. ಉಕ್ಕಿನ ದಂಡದ್ದಾದರೆ ಮೂರು-ನಾಲ್ಕು ಮಳೆಗಾಲಕ್ಕೇ ತುಕ್ಕು ಹಿಡಿದಿರುತ್ತದೆ, ಅದನ್ನು ಬಿಟ್ಟುಬಿಡಬಹುದು. ಇಪ್ಪತ್ತು ವರ್ಷದ ಹಿಂದಿನ ಕಾರ್ಬನ್ ಬ್ಯಾಟಾದರೆ ಇನ್ನೂ ಆಡಲು ಬರುವ ಸಾಧ್ಯತೆ ಇದೆ. ಬಿಸಿಲಿಗೆ ಹಿಡಿದು ಚೌಕಟ್ಟಿನ ಸುತ್ತ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಎಳೆಯಬೇಕು. ಬರೀ ಬಣ್ಣ ಸುಲಿದಿದ್ದರೆ ಉಗುರು ಜಾರಿಕೊಂಡು ಹೋಗುತ್ತದೆ. ಬಿರುಕು ಇದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಬಿರುಕುಗಳು ಹೆಚ್ಚಾಗಿ ಇರುವುದು ತಲೆಯ ನೆತ್ತಿಯಲ್ಲಿ, ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಜಾಗದಲ್ಲಿ, ದಂಡ ಕೂಡುವಲ್ಲಿ. ಆಮೇಲೆ ಗಟ್ಟು ಹಾಯುವ ಪ್ರತಿ ರಂಧ್ರದೊಳಗಿನ ಪ್ಲಾಸ್ಟಿಕ್ ಗ್ರಾಮೆಟನ್ನು ನೋಡಬೇಕು. ಅವು ಒಣಗಿ ಪುಡಿಯಾಗುತ್ತಿದ್ದರೆ ಹೊಸ ಗಟ್ಟು ಹಾಕಿದ ವಾರದಲ್ಲೇ ಕಾರ್ಬನ್ನಿನ ಅಂಚಿಗೆ ತಿಕ್ಕಿ ಕಡಿಯುತ್ತದೆ. ಗಟ್ಟಿಂಗ್ ಹಾಕುವವರಲ್ಲಿ ಬಿಡಿ ಗ್ರಾಮೆಟ್ ಸಿಗುತ್ತವೆ, ಬದಲಿಸಿದರೆ ಆಯಿತು. ಹಳೆಯ ಗಟ್ಟು ಮಾತ್ರ ಹರಿಯದೆ ಇದ್ದರೂ ನಿರುಪಯೋಗಿ. ಅದು ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಕಾಕ್ ದೂರ ಹೋಗಲೆಂದು ತೋಳು ಹೆಚ್ಚು ದುಡಿಯುತ್ತದೆ, ಆ ದುಡಿತದ ನೋವು ಮಾರನೆಯ ಬೆಳಿಗ್ಗೆ ಭುಜದಲ್ಲಿ ಗೊತ್ತಾಗುತ್ತದೆ. ಎರಡು-ಮೂರು ತಿಂಗಳು ಈ ಹಳೆಯ ಚೌಕಟ್ಟಿಗೇ ಹೊಸ ಗಟ್ಟಿಂಗ್ ಹಾಕಿಸಿ ಆಡಿದರೆ ತನಗೆ ಬೇಕಾದದ್ದು ಏನೆಂದು ಆಟಗಾರನಿಗೇ ಗೊತ್ತಾಗುತ್ತದೆ.

ಹೊಸ ಬ್ಯಾಟೇ ಬೇಕೆಂದಾದರೆ ತೂಕದಿಂದ ಶುರು ಮಾಡಬೇಕು. 3ಯು ಎಂದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು ಎಂದರೆ 75ರಿಂದ 79. ಸಂಖ್ಯೆ ಹೆಚ್ಚಿದಷ್ಟೂ ಬ್ಯಾಟು ಹಗುರ. ಗಟ್ಟಿಂಗ್ ಮತ್ತು ಮೇಲೆ ಸುತ್ತುವ ಗ್ರಿಪ್ ಈ ಲೆಕ್ಕದಲ್ಲಿ ಸೇರಿಲ್ಲ. ಎಲ್ಲ ಕಂಪನಿಗಳೂ ಇದೇ ಗುರುತು ಬಳಸುವುದಿಲ್ಲವಾದ್ದರಿಂದ ಗ್ರಾಂ ಎಷ್ಟೆಂದು ಕೇಳಿಯೇ ಕೊಳ್ಳಬೇಕು. ಐದು ಗ್ರಾಂ ಎಂದರೆ ಏನು ಮಹಾ ಎನಿಸಬಹುದು. ಆದರೆ ಒಂದು ಗಂಟೆಯ ಆಟದಲ್ಲಿ ಕೈ ನೂರಾರು ಸಲ ತಲೆಯ ಮೇಲಕ್ಕೆ ಹೋಗುತ್ತದೆ, ಮೂರನೆಯ ಗೇಮಿನ ಹೊತ್ತಿಗೆ ಆ ಐದು ಗ್ರಾಂ ಭುಜಕ್ಕೆ ತಿಳಿಯುತ್ತದೆ. ಮಲೆನಾಡಿನಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಸೇರಿಕೊಳ್ಳುತ್ತದೆ. ಹಗಲೆಲ್ಲ ದೋಟಿ ಎತ್ತಿ ಹಿಡಿದವರ, ಔಷಧಿ ಹೊಡೆದವರ ಭುಜ ಸಂಜೆಗೆ ಆಗಲೇ ದಣಿದಿರುತ್ತದೆ. ಅಂಥವರಿಗೆ 4ಯು ಸರಿಯಾದ ಆಯ್ಕೆ, ಹಿಂದೆ ಭುಜ ನೋವು ಬಂದಿದ್ದರೆ 5ಯು. 3ಯು ಕೊಳ್ಳಲು ಅವಸರ ಬೇಡ.

ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಲ್ಲಿ ಕುಳಿತಿದೆ ಎಂಬುದು. ಬ್ಯಾಟನ್ನು ಅಡ್ಡಲಾಗಿ ಒಂದು ಬೆರಳಿನ ಮೇಲಿಟ್ಟು ಅದು ಅತ್ತಿತ್ತ ವಾಲದೆ ನಿಲ್ಲುವ ಬಿಂದುವನ್ನು ಹುಡುಕಿ, ಹಿಡಿಯ ಬುಡದಿಂದ ಅಲ್ಲಿಗೆ ಟೇಪು ಹಿಡಿದರೆ ಲೆಕ್ಕ ಸಿಗುತ್ತದೆ. ಸುಮಾರು 285ರಿಂದ 295 ಮಿಲಿಮೀಟರ್ ಬಂದರೆ ಸಮತೂಕದ ಬ್ಯಾಟು. ಅದಕ್ಕಿಂತ ಹೆಚ್ಚಾದರೆ ತಲೆಭಾರ, ಕಡಿಮೆಯಾದರೆ ತಲೆ ಹಗುರ. ತಲೆಭಾರದ ಬ್ಯಾಟು ಸ್ಮ್ಯಾಶಿಗೆ ಬಲ ಕೊಡುತ್ತದೆ, ಆದರೆ ತಡವಾಗಿ ತಿರುಗುತ್ತದೆ. ತಲೆ ಹಗುರದ್ದು ಬೇಗ ತಿರುಗುತ್ತದೆ, ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಟಾಸ್ ಮಾಡುವಾಗ ಮಾತ್ರ ತೋಳೇ ಎಲ್ಲ ಬಲವನ್ನೂ ಕೊಡಬೇಕು. ಕೋರ್ಟಿನ ಉದ್ದ 13.4 ಮೀಟರ್, ಅಷ್ಟು ದೂರ ಕಾಕನ್ನು ದಾಟಿಸುವುದು ಮರಳಿ ಬಂದವರಿಗೆ ಮೊದಮೊದಲು ಸುಲಭವಲ್ಲ. ಅದಕ್ಕೇ ಸಮತೂಕದ್ದು ಮೇಲು. ಬ್ಯಾಟು ತಂದ ಮೇಲೆ ಹಿಡಿಗೆ ಇನ್ನೊಂದು ಗ್ರಿಪ್ ಸುತ್ತಿದರೆ ಕೆಲವು ಗ್ರಾಂ ಬುಡಕ್ಕೆ ಸೇರಿ ಸಮತೂಕದ ಬಿಂದು ಹಿಂದೆ ಸರಿಯುತ್ತದೆ ಎಂಬುದೂ ನೆನಪಿರಬೇಕು.

ದಂಡ ಎಷ್ಟು ಬಾಗುತ್ತದೆ ಎಂಬ ವಿಷಯದಲ್ಲಿ ಮರಳುವವರು ಹೆಚ್ಚು ಎಡವುತ್ತಾರೆ. ಅಂಗಡಿಯಲ್ಲಿ ಬಿರುಸಾದ ದಂಡವೇ ಮೇಲ್ಮಟ್ಟದ್ದು ಎಂಬ ಮಾತು ಕೇಳಿಬರುತ್ತದೆ. ಬೆಲೆ ಹೆಚ್ಚಿರುವ ಬ್ಯಾಟುಗಳಲ್ಲಿ ಬಿರುಸಿನವೇ ಜಾಸ್ತಿ. ಬೀಸುವಾಗ ದಂಡ ಹಿಂದಕ್ಕೆ ಬಾಗಿ, ಕಾಕ್ ತಾಗುವ ಹೊತ್ತಿಗೆ ಮುಂದಕ್ಕೆ ಚಿಮ್ಮಬೇಕು. ಬಹಳ ವೇಗವಾಗಿ ಬೀಸುವವರಿಗೆ ಮಾತ್ರ ಬಿರುಸಾದ ದಂಡವನ್ನು ಬಾಗಿಸಲು ಸಾಧ್ಯ. ನಿಧಾನವಾಗಿ ಬೀಸುವ ಕೈಯಲ್ಲಿ ಅದು ಬಾಗುವುದೇ ಇಲ್ಲ, ಹೊಡೆತದ ಅದುರು ನೇರ ಮೊಣಕೈಗೆ ಬರುತ್ತದೆ. ಗಾಲ್ಫ್ ಆಡುವವರಲ್ಲಿ ಈ ತಿಳಿವಳಿಕೆ ಚೆನ್ನಾಗಿ ಬೇರೂರಿದೆ. 1876ರಷ್ಟು ಹಳೆಯ ಗಾಲ್ಫ್ ಕ್ಲಬ್ಬಿರುವ ಬೆಂಗಳೂರಿನಲ್ಲಿ ಕೋಲು ಕೊಳ್ಳಲು ಹೋದವರ ಬೀಸಿನ ವೇಗ ಅಳೆದು, ಅದಕ್ಕೆ ತಕ್ಕಷ್ಟು ಬಾಗುವ ದಂಡವನ್ನು ಆರಿಸಿಕೊಡುವ ವ್ಯವಸ್ಥೆ ಇದೆ. ವಯಸ್ಸಾದಂತೆ ಹೆಚ್ಚು ಬಾಗುವ ದಂಡಕ್ಕೆ ಬದಲಾಯಿಸಿಕೊಳ್ಳುವುದು ಆ ಆಟದಲ್ಲಿ ಯಾರಿಗೂ ಕೀಳಾಗಿ ತೋರುವುದಿಲ್ಲ. ಶಟಲ್‌ನಲ್ಲೂ ಹಾಗೇ ಆಗಬೇಕು. ಮಧ್ಯಮ ಅಥವಾ ಸುಲಭವಾಗಿ ಬಾಗುವ ದಂಡ ಎಂದು ಕೇಳಿ ತೆಗೆದುಕೊಳ್ಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಹಿಡಿಯ ದಪ್ಪ ಜಿ4, ಜಿ5, ಜಿ6 ಎಂದು ಇಳಿಯುತ್ತ ಹೋಗುತ್ತದೆ. ಇಲ್ಲೂ ಸಂಖ್ಯೆ ಹೆಚ್ಚಿದಷ್ಟು ತೆಳುವು. ಬ್ಯಾಟು ಹಿಡಿದಾಗ ಬೆರಳ ತುದಿಗಳು ಅಂಗೈಗೆ ಒತ್ತಿಕೊಳ್ಳಬಾರದು, ನಡುವೆ ಒಂದಿಷ್ಟು ಜಾಗ ಉಳಿಯಬೇಕು. ತೆಳುವಾದುದನ್ನು ಕೊಂಡು ಗ್ರಿಪ್ ಸುತ್ತಿ ದಪ್ಪ ಮಾಡಿಕೊಳ್ಳಬಹುದು, ದಪ್ಪದ್ದನ್ನು ತೆಳು ಮಾಡಲಾಗದು. ಹೀಗಾಗಿ ಜಿ5 ಹೆಚ್ಚಿನವರಿಗೆ ಸಾಕು.

ಬ್ಯಾಟಿನ ಅರ್ಧ ಗುಣ ಗಟ್ಟಿಂಗಿನಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು. ಕಾಕ್ ತಾಗುವುದು ಗಟ್ಟಿಗೆ, ಚೌಕಟ್ಟಿಗಲ್ಲ. ನಾಲ್ಕು ಸಾವಿರದ ಬ್ಯಾಟಿಗೆ ಅಂಗಡಿಯವರು ಹಾಕಿಕೊಟ್ಟ ಸಡಿಲ ಗಟ್ಟಿನಲ್ಲಿ ಆಡುವುದಕ್ಕಿಂತ ಎರಡು ಸಾವಿರದ ಬ್ಯಾಟಿಗೆ ಒಳ್ಳೆಯ ಗಟ್ಟಿಂಗ್ ಹಾಕಿಸಿ ಆಡುವುದು ಎಷ್ಟೋ ಸುಖ. ಒಂದು ಬ್ಯಾಟಿಗೆ ಸುಮಾರು 10 ಮೀಟರ್ ನೈಲಾನ್ ಗಟ್ಟು ಬೇಕು. ಅದರ ದಪ್ಪ 0.61ರಿಂದ 0.70 ಮಿಲಿಮೀಟರ್. ತೆಳ್ಳನೆಯದು ಕಾಕನ್ನು ಚೆನ್ನಾಗಿ ಚಿಮ್ಮಿಸುತ್ತದೆ, ಕಿವಿಗೂ ಹಿತವಾದ ಸದ್ದು ಕೊಡುತ್ತದೆ, ಬೇಗ ಹರಿಯುತ್ತದೆ. ದಪ್ಪದ್ದು ಬಾಳಿಕೆ ಬರುತ್ತದೆ. ಗಟ್ಟಿಂಗ್ ಹಾಕುವವರ ಬಳಿ ಹೋಗಲು ಬಸ್ಸು ಹತ್ತಬೇಕಾದ ಊರಿನವರು 0.70 ಕೇಳಿ ಹಾಕಿಸಿಕೊಳ್ಳುವುದು ಜಾಣತನ.

ಬಿಗಿಯ ಲೆಕ್ಕ ಪೌಂಡಿನಲ್ಲಿ. ಅಂತರರಾಷ್ಟ್ರೀಯ ಆಟಗಾರರು 28, 30, ಅದಕ್ಕೂ ಮೀರಿ ಬಿಗಿಸುತ್ತಾರೆ. ಅಷ್ಟು ಬಿಗಿಯಾದ ಬ್ಯಾಟಿನ ನಡುವೆ ಕಾಕ್ ಸರಿಯಾಗಿ ತಾಗುವ ಜಾಗ ಬಹಳ ಚಿಕ್ಕದು. ಅಲ್ಲಿಗೆ ತಾಗಿಸಲಾಗದವರಿಗೆ ಅದು ಹಲಗೆ ಹಿಡಿದು ಹೊಡೆದಂತೆ. ಮರಳಿ ಬರುವವರಿಗೆ 21ರಿಂದ 23 ಪೌಂಡ್ ಹದ. ಗಟ್ಟು ತಾನೇ ಚಿಮ್ಮಿಸಿಕೊಡುವುದರಿಂದ ತೋಳಿಗೆ ಆರಾಮ. ಆರು ತಿಂಗಳ ಆಟವಾದ ಮೇಲೆ ಒಂದೊಂದೇ ಪೌಂಡ್ ಏರಿಸಬಹುದು. ಎಲೆಕ್ಟ್ರಾನಿಕ್ ಯಂತ್ರದಲ್ಲಿ ಹಾಕಿಸಿದರೆ ಹೇಳಿದಷ್ಟೇ ಬಿಗಿ ಬರುತ್ತದೆ. ಕೈಯಲ್ಲಿ ದಬ್ಬಳ ಚುಚ್ಚಿ ಎಳೆದು ಹಾಕುವ ಹಳಬರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಆದರೆ ಅಳತೆ ಅವರ ಕೈಯಂದಾಜಿನದು. ಊರಲ್ಲಿ ಯಂತ್ರ ಇಲ್ಲದವರು ಶಿವಮೊಗ್ಗಕ್ಕೆ ಹೋಗುವ ಯಾರ ಕೈಯಲ್ಲಾದರೂ ಕಳಿಸುವುದು ವಾಡಿಕೆ. ಹಾಗೆ ಕಳಿಸುವಾಗ ಗಟ್ಟಿನ ಹೆಸರು, ದಪ್ಪ, ಪೌಂಡು ಮೂರನ್ನೂ ಚೀಟಿಯಲ್ಲಿ ಬರೆದು ಬ್ಯಾಟಿಗೆ ಕಟ್ಟಬೇಕು. ಗಟ್ಟು ಒಂದು ಕಡೆ ಹರಿದರೆ ಉಳಿದುದನ್ನು ಹಾಗೇ ಬಿಡಬಾರದು. ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲವಾಗಿ ಚೌಕಟ್ಟು ಸೊಟ್ಟಗಾಗುತ್ತದೆ. ನಡುವಿನಿಂದ ಶುರು ಮಾಡಿ ಎಲ್ಲವನ್ನೂ ಕತ್ತರಿಸಿ ತೆಗೆದೇ ಬ್ಯಾಟನ್ನು ಕಳಿಸಬೇಕು.

ಇಷ್ಟೆಲ್ಲ ಬ್ಯಾಟಿನ ಮಾತಾದ ಮೇಲೂ, ದುಡ್ಡು ಮೊದಲು ಹೋಗಬೇಕಾದದ್ದು ಬೂಟಿಗೆ. ಶಟಲ್ ಆಡುವವರ ಕಾಲು ಮುಂದಕ್ಕೆ ಓಡುವುದಕ್ಕಿಂತ ಪಕ್ಕಕ್ಕೆ ಜಾರುವುದು, ಹಿಂದಕ್ಕೆ ನೆಗೆಯುವುದು, ಒಮ್ಮೆಲೇ ನಿಲ್ಲುವುದು ಹೆಚ್ಚು. ಬೆಳಗಿನ ನಡಿಗೆಗೆಂದು ಕೊಂಡ ಓಟದ ಬೂಟಿನ ಹಿಮ್ಮಡಿ ಎತ್ತರ, ಮೆತ್ತೆ ದಪ್ಪ. ಪಕ್ಕಕ್ಕೆ ಕಾಲಿಟ್ಟಾಗ ಅದು ಮಗುಚಿಕೊಂಡು ಕಣಕಾಲು ಉಳುಕುತ್ತದೆ. ಶಟಲ್ ಬೂಟಿನ ತಳ ತಗ್ಗು ಮತ್ತು ಅಗಲ. ಅಡಿಗೆ ನೆಲ ಹಿಡಿಯುವ ಗಮ್ ರಬ್ಬರ್. ಮರದ ನೆಲಕ್ಕೂ ಸಿಂಥೆಟಿಕ್ ಮ್ಯಾಟಿಗೂ ಹೊರಗಿನ ಬೂಟು ಹಾಕಿಕೊಂಡು ಇಳಿಯಬಾರದು ಎಂಬ ನಿಯಮ ಎಲ್ಲ ಒಳಾಂಗಣ ಕೋರ್ಟುಗಳಲ್ಲೂ ಇರುವುದು ನೆಲ ಕೆಡದಿರಲೆಂದು. ರಸ್ತೆಯ ಕೆಮ್ಮಣ್ಣು ಮೆತ್ತಿದ ತಳ ಜಾರುವುದರಿಂದ ಆಡುವವರ ಕಾಲಿಗೂ ಅದು ರಕ್ಷಣೆ.

ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲೀಸ್ ಸ್ನಾಯುರಜ್ಜು ಆಟದ ನಡುವೆ ಹರಿಯುವುದು ಹೆಚ್ಚಾಗಿ 30ರಿಂದ 50 ವಯಸ್ಸಿನ, ವಾರಕ್ಕೊಮ್ಮೆ ಆಡುವ ಗಂಡಸರಲ್ಲಿ. ಹಿಂದಿನಿಂದ ಯಾರೋ ಒದ್ದಂತಾಯಿತು ಎಂದು ಹಾಗಾದವರು ಹೇಳುವುದುಂಟು. ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕಾಲೇಜಿನಲ್ಲಿ ಬಸ್ಸಿಳಿದು ನೇರ ಕೋರ್ಟಿಗೆ ಹೋಗಿ ಆಡಿದ ನೆನಪಿನಲ್ಲೇ ಈಗಲೂ ಇಳಿಯುವವರಿಗೆ ಇದು ಬೇಗ ತಗಲುತ್ತದೆ. ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಮೊದಲ ತಿಂಗಳು ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ಎರಡೇ ಗೇಮ್ ಎಂದು ಇಟ್ಟುಕೊಂಡರೆ ಅಪಾಯ ಬಹಳಷ್ಟು ತಗ್ಗುತ್ತದೆ. ಮೊಣಕೈಯ ಹೊರಮಗ್ಗುಲಿಗೆ ನೋವು ಕಾಣಿಸಿಕೊಂಡರೆ ಅದು ಹೆಚ್ಚಾಗಿ ಬಿರುಸಾದ ದಂಡ, ಅತಿ ಬಿಗಿಯಾದ ಗಟ್ಟು, ಹಿಡಿಯನ್ನು ಗಟ್ಟಿಯಾಗಿ ಹಿಚುಕಿ ಹಿಡಿಯುವ ರೂಢಿ ಇವುಗಳ ಫಲ. ಆಗ ನೋವಿನ ಮುಲಾಮು ಹುಡುಕುವ ಮೊದಲು ಗಟ್ಟನ್ನು ಎರಡು ಪೌಂಡ್ ಸಡಿಲಿಸಿ ನೋಡಬೇಕು.

ಆಡುವ ಜಾಗವೂ ಬ್ಯಾಟಿನ ಆಯ್ಕೆಯಲ್ಲಿ ಮಾತಾಡುತ್ತದೆ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಮದುವೆಗಳು ನಡೆಯುವ ಹಾಲ್ ಅದು. ಮದುವೆ ಇದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಬಲಕ್ಕಿಂತ ಮಣಿಕಟ್ಟಿನ ಚಳಕ, ಕಾಕನ್ನು ಬೇಕಾದಲ್ಲಿ ಇಳಿಸುವ ಹಿಡಿತ ಅವರ ಆಟದ ಹೆಗ್ಗಳಿಕೆಯಾಗಿತ್ತು. ಮಲೆನಾಡಿನ ಊರುಗಳಲ್ಲೂ ಕಲ್ಯಾಣಮಂಟಪ, ಸಮುದಾಯ ಭವನ, ತಗಡಿನ ಮಾಡಿನ ಶೆಡ್ಡುಗಳೇ ಮಳೆಗಾಲದ ಕೋರ್ಟುಗಳು. ಮಾಡು ತಗ್ಗಾಗಿದ್ದರೆ ಎತ್ತರದ ಟಾಸಿಗೆ ಅವಕಾಶವಿಲ್ಲ, ಆಟವೆಲ್ಲ ನೆಟ್ಟಿನ ಮೇಲ್ಮಟ್ಟದಲ್ಲೇ. ಅಲ್ಲಿ ತಲೆ ಹಗುರದ ಬ್ಯಾಟು ಚೆನ್ನಾಗಿ ಒದಗುತ್ತದೆ. ಬೇಸಗೆಯಲ್ಲಿ ಬಯಲಿನ ಅಂಗಳದಲ್ಲಿ ಆಡುವವರಿಗೆ ಸಮತೂಕದ್ದೇ ಅನುಕೂಲ, ಏಕೆಂದರೆ ಸಣ್ಣ ಗಾಳಿ ಬೀಸಿದರೂ ಕಾಕನ್ನು ತಳ್ಳಲು ಬಲ ಬೇಕು.

ಕಾಕಿನ ವಿಷಯಕ್ಕೆ ಬಂದರೆ, ಗರಿಯದ್ದೋ ನೈಲಾನಿನದೋ ಎಂಬ ಪ್ರಶ್ನೆಗೆ ಈ ಮೂರು ತಾಲ್ಲೂಕುಗಳಲ್ಲಿ ಹವೆಯೇ ಉತ್ತರ ಕೊಡುತ್ತದೆ. ಗರಿಯ ಕಾಕಿನಲ್ಲಿ ಬಾತು ಅಥವಾ ಹೆಬ್ಬಾತಿನ 16 ಗರಿಗಳಿರುತ್ತವೆ, ತೂಕ 4.74ರಿಂದ 5.50 ಗ್ರಾಂ ಒಳಗಿರಬೇಕೆಂದು ನಿಯಮ. ಭಾರತದಲ್ಲಿ ಇದು ಹೆಚ್ಚಾಗಿ ತಯಾರಾಗುವ ಊರುಗಳಲ್ಲಿ ಪಶ್ಚಿಮ ಬಂಗಾಳದ ಉಲುಬೇರಿಯಾ ಒಂದು. ಗರಿ ಹವೆಯ ತೇವವನ್ನು ಹೀರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಆಗುಂಬೆಯ ಜೊತೆ ಪೈಪೋಟಿಗೆ ನಿಲ್ಲುವ ಊರು. ಘಟ್ಟದ ಅಂಚಿನ ಇಂಥ ಕಡೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದಿರುವಾಗ ಗರಿ ಒಣಗಿ ಉಳಿದೀತೇ? ತೇವ ಕುಡಿದ ಕಾಕ್ ಭಾರವಾಗಿ ಹಾರಾಟವೇ ಬದಲಾಗುತ್ತದೆ. ಫೆಬ್ರವರಿ-ಮಾರ್ಚಿನ ಒಣಹವೆಯಲ್ಲಿ ಇದಕ್ಕೆ ತದ್ವಿರುದ್ಧ: ಗರಿಗಳು ಬಿರುಸಾಗಿ ನಾಲ್ಕು ಹೊಡೆತಕ್ಕೇ ಮುರಿಯುತ್ತವೆ. ಅದಕ್ಕೆ ಆಟದ ಹಿಂದಿನ ದಿನ ಕಾಕಿನ ಡಬ್ಬಿಗೆ ಹಬೆ ಹಾಯಿಸುವ ಪದ್ಧತಿ ಇದೆ. ಮಳೆಗಾಲದಲ್ಲಿ ಹಬೆ ಬೇಕಾಗಿಲ್ಲ. ಮರಳಿ ಬರುವವರು ಮೊದಲ ವರ್ಷ ನೈಲಾನ್ ಕಾಕಿನಲ್ಲೇ ಆಡುವುದು ಎಲ್ಲ ರೀತಿಯಲ್ಲೂ ಒಳಿತು.

ನೈಲಾನ್ ಕಾಕಿನ ಬಿರಡೆಯ ಸುತ್ತ ಇರುವ ಬಣ್ಣದ ಪಟ್ಟಿ ಅಲಂಕಾರಕ್ಕಿರುವುದಲ್ಲ. ಹಸಿರು ನಿಧಾನದ್ದು, 22ರಿಂದ 33 ಡಿಗ್ರಿ ಹವೆಗೆ. ನೀಲಿ ಮಧ್ಯಮ ವೇಗದ್ದು, 12ರಿಂದ 23 ಡಿಗ್ರಿಗೆ. ಕೆಂಪು ಅದಕ್ಕೂ ಚಳಿಯ ದೇಶಗಳಿಗೆ. ಗಾಳಿ ಬಿಸಿಯಾದಷ್ಟು ತೆಳುವಾಗುತ್ತದೆ, ತೆಳುಗಾಳಿಯಲ್ಲಿ ಕಾಕ್ ದೂರ ಹಾರುತ್ತದೆ. ಸಮುದ್ರಮಟ್ಟದಿಂದ ಮೇಲೇರಿದಂತೆಯೂ ಹೀಗೇ ಆಗುವುದರಿಂದ, ಸುಮಾರು 600 ಮೀಟರ್ ಎತ್ತರದ ಈ ಊರುಗಳಲ್ಲಿ ಕಾಕ್ ಮಂಗಳೂರಿನಲ್ಲಿ ಹಾರುವುದಕ್ಕಿಂತ ಕೊಂಚ ಮುಂದೆ ಹೋಗುತ್ತದೆ. ಮಾರ್ಚ್-ಏಪ್ರಿಲಿನ ಸಂಜೆಗೆ ಹಸಿರು ಪಟ್ಟಿಯದು, ಡಿಸೆಂಬರ್-ಜನವರಿಯ ಬೆಳಗಿನ ಆಟಕ್ಕೆ ನೀಲಿ ಪಟ್ಟಿಯದು ಎಂದು ಎರಡು ಡಬ್ಬಿ ಇಟ್ಟುಕೊಳ್ಳುವುದು ದುಂದಲ್ಲ. ವೇಗ ಸರಿ ಇದೆಯೇ ಎಂದು ತಿಳಿಯಲು ಆಟದ ನಿಯಮದಲ್ಲೇ ಪರೀಕ್ಷೆ ಹೇಳಿದೆ: ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ಣಬಲದಲ್ಲಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆದ ಕಾಕ್ ಎದುರಿನ ಹಿಂದಿನ ಗೆರೆಗೆ 530ರಿಂದ 990 ಮಿಲಿಮೀಟರ್ ಈಚೆಗೆ ಬೀಳಬೇಕು.

ಈಗ ಬೆಲೆ. ಆಟದ ಸಾಮಾನಿನ ಅಂಗಡಿಗಳಲ್ಲಿ ಒಂದು ಸಾವಿರ ರೂಪಾಯಿಯೊಳಗೆ ಸಿಗುವ ಜೋಡಿ ಬ್ಯಾಟುಗಳು ಅಲ್ಯೂಮಿನಿಯಂ ಅಥವಾ ಉಕ್ಕು ಸೇರಿದವು, ಮನೆಯಂಗಳದಲ್ಲಿ ಮಕ್ಕಳು ಆಡಲು ಸಾಕು. ಪೂರ್ತಿ ಕಾರ್ಬನ್ನಿನ ಒಳ್ಳೆಯ ಬ್ಯಾಟು 2,000ದಿಂದ 4,000 ರೂಪಾಯಿಗೆ ಬರುತ್ತದೆ. 10,000 ದಾಟಿದ ಬ್ಯಾಟು ಕೊಡುವ ಹೆಚ್ಚಿನ ಗುಣವನ್ನು ಹೊರತೆಗೆಯಲು ದಿನಕ್ಕೆ ಗಂಟೆಗಟ್ಟಲೆ ಆಡುವ ಕೈ ಬೇಕು. ಎಂಟು ಸಾವಿರ ಕೈಯಲ್ಲಿದ್ದರೆ ಮೂರೂವರೆ ಬೂಟಿಗೆ, ಮೂರು ಬ್ಯಾಟಿಗೆ, ಉಳಿದದ್ದು ಗಟ್ಟಿಂಗ್, ಗ್ರಿಪ್, ಕಾಕಿಗೆ ಎಂದು ಹಂಚುವುದು ವಿವೇಕ. ಹೆಸರಾಂತ ಕಂಪನಿಗಳ ನಕಲಿ ಬ್ಯಾಟುಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಹತ್ತು ಸಾವಿರದ ಬ್ಯಾಟು ಮೊಬೈಲಿನಲ್ಲಿ ಎರಡು ಸಾವಿರಕ್ಕೆ ಕಂಡರೆ ಅದು ಅಸಲಿಯಲ್ಲ. ಮುಚ್ಚಳದ ಮೇಲೂ ದಂಡದ ಮೇಲೂ ಕೊರೆದ ಸಂಖ್ಯೆ, ಹೊಳೆಯುವ ಹೊಲೊಗ್ರಾಂ ಚೀಟಿ, ಬಿಲ್ಲು ಇವನ್ನು ನೋಡಿ ಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಕೋರ್ಟಿಗೆ ಬರುವ ಬೇರೆಬೇರೆಯವರ ಬ್ಯಾಟನ್ನು ಒಂದೊಂದು ಗೇಮ್ ಕೇಳಿ ಪಡೆದು ಆಡಿ ನೋಡುವುದು. ಊರಾಟದಲ್ಲಿ ಇದನ್ನು ಯಾರೂ ಇಲ್ಲವೆನ್ನುವುದಿಲ್ಲ. ಸಣ್ಣ ಊರಿನ ಕೋರ್ಟಿಗಿರುವ ಈ ಅನುಕೂಲ ನಗರದ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗದು.

ಕೊಂಡ ಮೇಲೆ ಕಾಪಾಡಿಕೊಳ್ಳುವುದು ಮಳೆಸೀಮೆಯಲ್ಲಿ ಇನ್ನೊಂದು ಕೆಲಸ. ಕಾರ್ಬನ್ ಚೌಕಟ್ಟಿಗೆ ತೇವದಿಂದ ತೊಂದರೆಯಿಲ್ಲ, ಆದರೆ ಹಿಡಿಯ ಒಳಗಿರುವುದು ಮರ. ಬೆವರು ಕುಡಿದ ಗ್ರಿಪ್ಪನ್ನು ಹಾಗೇ ಚೀಲಕ್ಕೆ ತುರುಕಿದರೆ ಎರಡೇ ವಾರದಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಕೆಳಗಿನ ಮರವೂ ಮೆತ್ತಗಾಗುತ್ತದೆ. ಆಟ ಮುಗಿದ ರಾತ್ರಿ ಚೀಲದಿಂದ ಹೊರತೆಗೆದು ಗೋಡೆಯ ಮೊಳೆಗೆ ತೂಗಿಡಬೇಕು, ಮಳೆಗಾಲದಲ್ಲಿ ಮೇಲಿನ ಗ್ರಿಪ್ಪನ್ನು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಬ್ಯಾಟಿನ ಗಟ್ಟು ಬಿಗಿ ಕಳೆದುಕೊಳ್ಳುತ್ತದೆ. ಮೊದಲ ಮಳೆ ಬಿದ್ದ ದಿನಗಳಲ್ಲಿ ಸಿಮೆಂಟು ನೆಲ ಬೆವರುತ್ತದೆ. ಒರೆಸಿದರೂ ಮತ್ತೆ ಪಸೆ ಏಳುವಂತಿದ್ದರೆ ಆ ಸಂಜೆ ಆಟ ಬಿಡುವುದೇ ಲೇಸು. ಒದ್ದೆಯಾದ ಬೂಟನ್ನು ಬಚ್ಚಲೊಲೆಯ ಪಕ್ಕ ಒಣಗಲಿಡುವ ಅಭ್ಯಾಸ ಮಲೆನಾಡಿನ ಮನೆಗಳಲ್ಲಿ ಸಾಮಾನ್ಯ, ಆದರೆ ಆ ಕಾವಿಗೆ ಅಂಟು ಬಿಟ್ಟು ತಳ ಕಿತ್ತುಬರುತ್ತದೆ. ಒಳಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುಂಬಿ, ರಾತ್ರಿ ಮಲಗುವ ಮುನ್ನ ಒಮ್ಮೆ ಹೊಸ ಹಾಳೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಬೂಟು ಬಹುಪಾಲು ಒಣಗಿರುತ್ತದೆ.